ಗೇಮ್ ನಡುವೆ ಪರದೆ ಕಪ್ಪಾಗುವುದು: ಕೊನೆಗೆ ಸಿಕ್ಕಿದ್ದು ಧೂಳಿನ ಕಂಬಳಿ

ನನ್ನ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಶುರುವಾದ ಇಪ್ಪತ್ತು ನಿಮಿಷಕ್ಕೆ ಪರದೆ ಕಪ್ಪು, ಆಮೇಲೆ ಡೆಸ್ಕ್‌ಟಾಪ್, ಗೇಮ್ ಮಾಯ. ವಿಂಡೋಸ್ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಪ್ರತಿ ಸಲವೂ 4101 ಎಂಬ ಸಂಖ್ಯೆ. ಜಿಪಿಯು (ಗ್ರಾಫಿಕ್ಸ್ ಚಿಪ್) 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ರೀಸೆಟ್ ಮಾಡುತ್ತದೆ, ಅದರ ಗುರುತು ಇದು. ರಿಜಿಸ್ಟ್ರಿಯಲ್ಲಿ ಆ ಅವಧಿ ಹೆಚ್ಚಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮೊದಲು ಡ್ರೈವರ್. ವೈಫೈ ಆಫ್ ಮಾಡಿ (ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ತನ್ನದೊಂದನ್ನು ತುರುಕುತ್ತದೆ), ಸೇಫ್ ಮೋಡ್‌ನಲ್ಲಿ ಡಿಡಿಯು (ಹಳೆಯ ಡ್ರೈವರ್ ಪೂರ್ತಿ ಅಳಿಸುವ ಪ್ರೋಗ್ರಾಮ್) ಓಡಿಸಿ, ಮೊದಲೇ ಇಳಿಸಿಟ್ಟ ಡ್ರೈವರ್ ಹಾಕಿದೆ. ಕ್ರ್ಯಾಶ್ ಕಡಿಮೆಯಾಯಿತು, ನಿಲ್ಲಲಿಲ್ಲ.

ತಾಪಮಾನ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಮ್ ತೋರಿಸಿದ್ದು ಜಿಪಿಯು 78 ಡಿಗ್ರಿ, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) 104. ಇಷ್ಟು ಅಂತರ ಇದ್ದರೆ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ (ಬಿಸಿ ಹೀರುವ ಲೋಹದ ಭಾಗ) ದಾಟಿಸುವ ಥರ್ಮಲ್ ಪೇಸ್ಟ್ ಮೇಲೆಯೇ ಅನುಮಾನ. ಹಿಂಬದಿ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ. ಹೀಟ್‌ಸಿಂಕ್ ಮೇಲೆ ಸ್ಕ್ರೂಗಳಿಗೆ 1, 2, 3 ಎಂದು ಬರೆದಿರುತ್ತದೆ. ಬಿಚ್ಚುವಾಗ ಉಲ್ಟಾ, ಕೂಡಿಸುವಾಗ ಅದೇ ಕ್ರಮ. ಮುಂಬಯಿಯ ತೇವಕ್ಕೆ ಧೂಳು ಹೀಟ್‌ಸಿಂಕ್‌ನ ಫಿನ್‌ಗಳ (ಗಾಳಿ ಹಾಯುವ ತೆಳು ತಗಡುಗಳ) ಬಾಯಿಗೆ ಕಂಬಳಿಯಂತೆ ಅಂಟಿತ್ತು. ಬ್ಲೋವರ್‌ಗೆ ಜಗ್ಗಲಿಲ್ಲ, ಚಿಮಟದಲ್ಲಿ ಎಳೆದರೆ ಒಂದೇ ಪದರವಾಗಿ ಬಂತು.

ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಚಿಪ್ ಒರೆಸಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಿಂದ ತಂದ ಗಟ್ಟಿ ಪೇಸ್ಟ್ ಇಡೀ ಡೈ (ಚಿಪ್‌ನ ಹೊಳೆಯುವ ಮೇಲ್ಮೈ) ಮುಚ್ಚುವಂತೆ ಹಚ್ಚಿದೆ. ನೀರು ನೀರಾದ ಪೇಸ್ಟ್ ಬೇಡ, ಬಿಸಿಗೆ ಹೊರಗೆ ಜಾರುತ್ತದೆ. ಮೆಮೊರಿ ಚಿಪ್‌ಗಳ ಮೇಲಿನ ಬಿಸಿ ದಾಟಿಸುವ ಮೆತ್ತನೆಯ ಪ್ಯಾಡ್ ಹರಿದರೆ ಅದೇ ದಪ್ಪದ್ದೇ ಹಾಕಬೇಕು. ದಪ್ಪವಾದರೆ ಹೀಟ್‌ಸಿಂಕ್ ಜಿಪಿಯು ಚಿಪ್‌ಗೆ ತಾಗುವುದಿಲ್ಲ. ಈಗ ಹಾಟ್‌ಸ್ಪಾಟ್ 86, ಲಾಗ್‌ನಲ್ಲಿ 4101 ಇಲ್ಲ.