1948ರ ಕಾದಂಬರಿಗೆ ಚಂದ್ರ, ರೈಲು, ರೊಕ್ಕ

ನನ್ನ ಕಾದಂಬರಿ ನಡೆಯುವುದು 1948ರಲ್ಲಿ, ಬೀದರ–ಕಲಬುರಗಿ ನಡುವೆ. ದೊಡ್ಡ ಸಂಗತಿಗಳನ್ನು ಹುಡುಕಬೇಕಾಗಿರಲಿಲ್ಲ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನಿಜಾಮನ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಇದು ನಮ್ಮ ಕಡೆ ಶಾಲೆ ಮಕ್ಕಳಿಗೂ ಗೊತ್ತು. ನಾನು ಬೆನ್ನು ಹತ್ತಿದ್ದು ನನ್ನ ಪಾತ್ರಗಳ ಕೈಕಾಲು ಕಟ್ಟುವಂಥ ವಿವರಗಳನ್ನು. ಬಣ್ಣ ತುಂಬಲಿಕ್ಕೆ ಮಾತ್ರ ಬರುವ ವಿವರ ನನಗೆ ಬೇಡ.

17ರ ರಾತ್ರಿ ಒಬ್ಬ ಹುಡುಗ ಊರು ಬಿಟ್ಟು ಓಡಬೇಕು. ಬೆಳದಿಂಗಳೋ ಕತ್ತಲೋ? ಆ ವರ್ಷ ನವೆಂಬರ್ 1ಕ್ಕೆ ಸೂರ್ಯಗ್ರಹಣ ಇತ್ತು, ಅಂದರೆ ಅಮಾವಾಸ್ಯೆ. ಅಲ್ಲಿಂದ ಒಂದೂವರೆ ಚಾಂದ್ರಮಾಸ, ಸುಮಾರು 44 ದಿನ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 18, ಭಾದ್ರಪದ ಹುಣ್ಣಿಮೆ. ಹಿಂದಿನ ರಾತ್ರಿ ಹುಡುಗನಿಗೆ ಕತ್ತಲು ಸಿಗುವುದಿಲ್ಲ. ಮೋಡ ಕರೆಸಬೇಕು, ಇಲ್ಲ ಅವನು ಬೆಳೆಯೊಳಗೇ ಬಗ್ಗಿಕೊಂಡು ಹೋಗಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ, ದೃಶ್ಯ ಅಲ್ಲಿಂದಲೇ ಬೆಳೆಯಿತು.

ರೈಲಿನದೂ ಇದೇ ಕಥೆ. ಬೀದರ–ಕಲಬುರಗಿ ನೇರ ಹಳಿ ಉದ್ಘಾಟನೆಯಾಗಿದ್ದು 2017ರಲ್ಲಿ. 1948ರಲ್ಲಿ ರೈಲಿನಲ್ಲೇ ಹೋಗಬೇಕೆಂದರೆ ಬೀದರದಿಂದ ವಿಕಾರಾಬಾದ್, ಅಲ್ಲಿ ಗಾಡಿ ಬದಲಿಸಿ ತಾಂಡೂರು, ಸೇಡಂ, ಚಿತ್ತಾಪುರ ದಾಟಿ ವಾಡಿ, ಮತ್ತೆ ಶಹಾಬಾದ್ ಮೇಲೆ ಗುಲಬರ್ಗಾ. ಇಷ್ಟು ಸುತ್ತುವಾಗ ವಾಡಿ ಜಂಕ್ಷನ್ನಿನಲ್ಲಿ ಯಾರಾದರೂ ಗುರುತಿನವರು ಎದುರಾಗದೆ ಇರುತ್ತಾರೆಯೇ! ಒಂದು ಅಧ್ಯಾಯ ಪುಕ್ಕಟೆ ಬಂತು.

ರೊಕ್ಕ ಎರಡು ಥರ. ಸಂಸ್ಥಾನದ್ದು ಹಾಲಿ ಸಿಕ್ಕಾ, ಬ್ರಿಟಿಷರದ್ದು ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರಿನ ಲೆಕ್ಕ. ಸಂಸ್ಥಾನದ ಹೊರಗಿನ ಸೊಲ್ಲಾಪುರಕ್ಕೆ ಹೋಗುವವನ ಗಂಟಿನಲ್ಲಿ ಯಾವುದಿದೆ ಎಂದು ಹೇಳದೆ ಅವನನ್ನು ಗಡಿ ದಾಟಿಸಬಾರದು.

ಹಳೆಯ ಕಾಗದಗಳೆಲ್ಲ ಉರ್ದು. ನನಗೆ ಓದಲು ಬರುವುದಿಲ್ಲ. ನಿವೃತ್ತ ಉರ್ದು ಮಾಸ್ತರರೊಬ್ಬರು ಚಹಾದ ಮೇಲೆ ಓದಿ ಹೇಳುತ್ತಿದ್ದರು. ತಾರೀಖು ಸಂಸ್ಥಾನದ ಕಂದಾಯ ಲೆಕ್ಕದ ಫಸಲಿ ವರ್ಷದ್ದು, ಅಕ್ಟೋಬರ್‌ನಲ್ಲಿ ಆರಂಭ. 1357 ಎಂದಿದ್ದರೆ 1947ರ ಅಕ್ಟೋಬರಿನಿಂದ ಮುಂದಿನ ವರ್ಷದ ಅಕ್ಟೋಬರ್‌ವರೆಗೆ.

ಹಿರಿಯರನ್ನು ಮಾತಾಡಿಸುವುದೇ ಕಷ್ಟದ ಕೆಲಸ. ನಿಜಾಮನ ಪರವಾಗಿದ್ದ ಸಶಸ್ತ್ರ ಪಡೆಯವರು ರಜಾಕಾರರು. ‘ರಜಾಕಾರರ ಕಾಲದಾಗ ಏನಾಯ್ತು’ ಎಂದರೆ ಭಾಷಣದಲ್ಲಿ ಕೇಳಿದ್ದನ್ನೇ ಒಪ್ಪಿಸುತ್ತಾರೆ. ‘ಅವತ್ತು ಏನು ಉಂಡ್ರಿ, ಹೊಲದಾಗ ಏನಿತ್ತು’ ಎಂದು ಕೇಳಬೇಕು. ‘ಹೆಸರು ಬಿಡಿಸಿ ಆಗಿತ್ತು. ಅವ್ವ ನಮ್ಮನ್ನ ತೊಗರ್ಯಾಗ ಕುಂಡ್ರಿಸಿದ್ಳು, ಕೆಮ್ಮಬ್ಯಾಡ್ರಿ ಅಂದ್ಳು’ ಎಂದರು ಒಬ್ಬ ಅಜ್ಜಿ. ಆಗ ಅವರಿನ್ನೂ ಚಿಕ್ಕ ಹುಡುಗಿ. ತೊಗರಿ ಸೆಪ್ಟೆಂಬರಿಗೆ ಕೂತ ಮಕ್ಕಳನ್ನು ಮುಚ್ಚುವಷ್ಟು ಬೆಳೆದಿರುತ್ತದೆ. ನೆನಪು ಹಂಗಾಮಿಗೆ ತಾಳೆಯಾಯಿತು.

ನಾನು ಕೂತು ಕೇಳಿದ ಹಿಂದೂ ಮನೆಗಳಲ್ಲಿ ಕಥೆ 17ಕ್ಕೆ ಮುಗಿಯುತ್ತಿತ್ತು. ಮುಸ್ಲಿಂ ಮನೆಗಳಲ್ಲಿ ಭಯ ಅಂದಿನಿಂದಲೇ ಶುರು. ಕೇಂದ್ರ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿಯ ವರದಿಯೂ ಸೈನ್ಯ ಬಂದ ಮೇಲೆ ಬೀದರ, ಗುಲಬರ್ಗಾ ಜಿಲ್ಲೆಗಳಲ್ಲಿ ನಡೆದ ಮುಸ್ಲಿಮರ ಹತ್ಯೆಗಳನ್ನು ದಾಖಲಿಸಿದೆ. ಹಾಗಾಗಿ ಸೈನ್ಯ ಬಂದ ದಿನಕ್ಕೆ ಕಥೆ ನಿಲ್ಲಿಸುವ ಯೋಜನೆ ಬಿಟ್ಟು, ಹಿಂಗಾರಿ ಜೋಳದ ರಾಶಿಯ ತನಕ ಒಯ್ದೆ. ಪುಟಗಳು ಹೆಚ್ಚಾದವೆಂದು ಪ್ರಕಾಶಕರ ತಕರಾರು ಇನ್ನೂ ನಡೆದಿದೆ.