ಹಳೆಯ ಮನೆಗೆ ಹೊಸ ಬಣ್ಣ: ಯಾವುದಕ್ಕೆ ನಮ್ಮ ಕೈ, ಯಾವುದಕ್ಕೆ ಮೇಸ್ತ್ರಿ

ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ನಾನು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿಸಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸಿ, ಹಲಗೆಯ ಮೇಲೆ ಸಮೀಕರಣ ಬರೆದವಳು. ಅಂಥವಳೇ ಸುಣ್ಣದ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದೆ.

ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮಾವನವರು 1958ರಲ್ಲಿ ಕಟ್ಟಿಸಿದ್ದು. ಕಲ್ಲಿನ ತಳಪಾಯ, ಹಸಿ ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹಂಚು. ನಿವೃತ್ತಿಯ ಹಣ ಕೈಗೆ ಬಂದ ವರ್ಷ ಬಣ್ಣದವರನ್ನು ಕರೆಸಿ, ಪುಟ್ಟಿ ಎಳೆಸಿ, ತಿಳಿ ಗುಲಾಬಿ ಬಳಿಸಿದೆ. ಮಾರ್ಚ್ ತಿಂಗಳಲ್ಲಿ ಮನೆ ಮದುವೆ ಛತ್ರದ ಹಾಗೆ ಹೊಳೆಯಿತು. ಜುಲೈ ಎರಡನೇ ವಾರ ನಡುಮನೆಯ ಗೋಡೆಯಲ್ಲಿ ಬಣ್ಣ ಪೂರಿಯ ಹಾಗೆ ಉಬ್ಬಿತು. ಒಂದು ಉಬ್ಬನ್ನು ಬೆರಳಿನಿಂದ ಒತ್ತಿದೆ. ಒಡೆದು, ಒಳಗಿನಿಂದ ಕಂದು ನೀರು ಮೊಣಕೈವರೆಗೆ ಇಳಿಯಿತು. ಹಿಂದೆ ಗಾರೆ ನೆನೆದ ರಸ್ಕಿನಂತಾಗಿತ್ತು.

ಬಣ್ಣದವರನ್ನು ದೂರುವಂತಿಲ್ಲ. ಅಚ್ಚುಕಟ್ಟಾಗಿಯೇ ಮಾಡಿದ್ದರು. ಅವರಿಗೆ ಗೊತ್ತಿದ್ದುದು ಸಿಮೆಂಟಿನ ಗೋಡೆ. ಮಣ್ಣು, ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಅದನ್ನು ಬಿಡುತ್ತದೆ. ಬಿಡುವ ದಾರಿಗೆ ಪ್ಲಾಸ್ಟಿಕ್ ಪದರ ಹಾಕಿದರೆ ತೇವ ಒಳಗೇ ಕುಳಿತು ಗಾರೆಯನ್ನು ತಿನ್ನುತ್ತದೆ. ಹಾಗಾಗಿ 'ನಾವೇ ಮಾಡುವುದೋ, ಬಲ್ಲವರನ್ನು ಕರೆಯುವುದೋ' ಎಂದು ಯಾರಾದರೂ ಕೇಳಿದರೆ, ಬಲ್ಲವರು ಏನನ್ನು ಬಲ್ಲವರು ಎಂದು ಮೊದಲು ವಿಚಾರಿಸಿ ಎನ್ನುತ್ತೇನೆ.

ಆಮೇಲೆ ಎರಡೇ ಪ್ರಶ್ನೆ. ಈ ಕೆಲಸ ಕೆಟ್ಟರೆ ಯಾವಾಗ ಗೊತ್ತಾಗುತ್ತದೆ? ಗೊತ್ತಾದಾಗ ನನ್ನ ಕೈಯಲ್ಲೇ ಸರಿಪಡಿಸಲು ಆಗುತ್ತದೆಯೇ? ಸುಣ್ಣ ಬಳಿದದ್ದು ಕೆಟ್ಟರೆ ಮರುದಿನವೇ ಕಾಣುತ್ತದೆ, ಉಜ್ಜಿ ಮತ್ತೆ ಬಳಿದರಾಯಿತು. ಹಂಚು ಕೂರಿಸಿದ್ದು ಕೆಟ್ಟರೆ ಆಷಾಢದ ನಡುರಾತ್ರಿ ಹಾಸಿಗೆಯ ಮೇಲೆ ಗೊತ್ತಾಗುತ್ತದೆ. ವೈರಿನ ಜೋಡಣೆ ಕೆಟ್ಟರೆ ವರ್ಷಗಟ್ಟಲೆ ಗೊತ್ತಾಗದೆಯೂ ಇರಬಹುದು, ಗೊತ್ತಾಗುವ ದಿನ ಹೇಳಲು ನಾವಿಲ್ಲದೆಯೂ ಇರಬಹುದು. ಕೆಲಸ ಸುಲಭವೋ ಕಷ್ಟವೋ ಎಂಬ ಲೆಕ್ಕ ಇದರ ಮುಂದೆ ಸಣ್ಣದು. ಗೋಡೆಯ ಹಳೆಯ ಬಣ್ಣ ಕೆರೆಯುವುದು ಬಹಳ ಕಷ್ಟದ ಕೆಲಸ, ಆದರೂ ನಾವೇ ಮಾಡಬೇಕಾದದ್ದು. ಸ್ವಿಚ್ಚು ಬದಲಿಸುವುದು ನೋಡಲು ಸುಲಭ, ಆದರೂ ನಮ್ಮದಲ್ಲ.

ಬಣ್ಣದ ಅಂಗಡಿಗೆ ಹೋಗುವ ಮೊದಲು ಒಂದು ಮಳೆಗಾಲ ಪೂರ್ತಿ ಮನೆಯನ್ನು ನೋಡಿ. ನಾನು ಹಳೆಯ ಚಾಳಿಯಂತೆ ಸೀಮೆಸುಣ್ಣದ ತುಂಡು ಹಿಡಿದು ಓಡಾಡಿದೆ. ಗೋಡೆಯಲ್ಲಿ ತೇವದ ಅಂಚು ಎಲ್ಲಿದೆಯೋ ಅಲ್ಲಿ ಗೆರೆ ಎಳೆದು ತಾರೀಕು ಬರೆದೆ. ಮೇಲಿನಿಂದ ಇಳಿದ ತೇವವಾದರೆ ಹಂಚಿನದ್ದೋ ಸೂರಿನದ್ದೋ ದೋಷ. ಕೆಳಗಿನಿಂದ ಮೊಣಕಾಲಿನವರೆಗೆ ಏರಿದ್ದಾದರೆ ನೆಲದ ನೀರು. ನಮ್ಮ ಹಿಂಬದಿಯ ಗೋಡೆಗೆ ಒತ್ತಿಕೊಂಡು ನಾನೇ ಬೆಳೆಸಿದ್ದ ಡೇರೆ ಹೂವಿನ ಪಾತಿ ಒಳಗಿನ ನೆಲಕ್ಕಿಂತ ಒಂದಡಿ ಎತ್ತರವಾಗಿತ್ತು! ಅದನ್ನು ತೆಗೆದು, ನೀರು ಹೊರಕ್ಕೆ ಹರಿಯುವಂತೆ ಚರಂಡಿ ಕಡಿದದ್ದಕ್ಕೆ ಖರ್ಚಾದದ್ದು ಎರಡು ಭಾನುವಾರ. ಮುಂದಿನ ವರ್ಷ ಗೆರೆ ಒಂದು ಗೇಣು ಕೆಳಗಿಳಿದಿತ್ತು. ತೇವ ಗೋಡೆಯದ್ದೋ ಗಾಳಿಯದ್ದೋ ಎಂಬ ಅನುಮಾನವಿದ್ದರೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಹನಿ ಕಟ್ಟಿದರೆ ಗೋಡೆಯೊಳಗಿನ ತೇವ. ಮುಂಬದಿ ಕಟ್ಟಿದರೆ ಕೋಣೆಯ ಗಾಳಿಯದ್ದು, ಕಿಟಕಿ ತೆರೆಯುವುದೇ ಅದಕ್ಕೆ ಮದ್ದು.

ಬೆರಳಿನ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಅಂಗೈ ಅಗಲದಲ್ಲಿ ಮಾತ್ರ ಇದ್ದರೆ ನೀವೇ ಕೆತ್ತಿ, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು ಕಲಸಿ ತುಂಬಬಹುದು. ಮೊರದ ಅಗಲಕ್ಕಿಂತ ಹೆಚ್ಚಿದ್ದರೆ ಸುಣ್ಣದ ಗಾರೆ ತಿಳಿದ ಹಳೆಯ ಮೇಸ್ತ್ರಿಯನ್ನು ಹುಡುಕಿ. 'ಸಿಮೆಂಟು ಹಾಕಿಬಿಡೋಣ, ಗಟ್ಟಿ ನಿಲ್ಲುತ್ತದೆ' ಎನ್ನುವವರನ್ನು ಕಾಫಿ ಕೊಟ್ಟು ಕಳುಹಿಸಿ. ಗಟ್ಟಿ ನಿಲ್ಲುತ್ತದೆ ನಿಜ. ಸುತ್ತಲಿನ ಮೆತ್ತನೆಯ ಗೋಡೆಯನ್ನು ಕಿತ್ತುಕೊಂಡು ಹಲಗೆಯ ಹಾಗೆ ಬೀಳುತ್ತದೆ.

ಇನ್ನು ಸುಣ್ಣ. ಗುಲಾಬಿ ಬಣ್ಣ ಕೆರೆಯಲು ನಾನು ಮತ್ತು ನಮ್ಮ ಮನೆಯವರು ಹನ್ನೊಂದು ದಿನ ತೆಗೆದುಕೊಂಡೆವು. ಈ ಕೆಲಸಕ್ಕೆ ಕೂಲಿ ಕೊಡಬೇಡಿ; ಬೇಸರದ ಕೆಲಸದಲ್ಲಿ ಅವಸರ ಹುಟ್ಟುತ್ತದೆ, ಅವಸರದಲ್ಲಿ ಗಾರೆಯೂ ಕಿತ್ತು ಬರುತ್ತದೆ. ಪ್ಲಾಸ್ಟಿಕ್ ಬಣ್ಣ ಉಳಿದ ಕಡೆ ಸುಣ್ಣ ಹಿಡಿಯುವುದಿಲ್ಲ, ಆದ್ದರಿಂದ ಪೂರ್ತಿ ತೆಗೆಯಲೇಬೇಕು.

ಸುಟ್ಟ ಸುಣ್ಣದ ಕಲ್ಲನ್ನು ಅರಳಿಸುವುದಾದರೆ ಪ್ಲಾಸ್ಟಿಕ್ ಬಕೆಟ್ಟು ಬೇಡ, ಕಬ್ಬಿಣದ ಡ್ರಮ್ಮು ಬೇಕು. ಮೊದಲು ಅರ್ಧ ಡ್ರಮ್ಮು ನೀರು, ಆಮೇಲೆ ಕಲ್ಲು, ಒಂದೊಂದೇ ಹಿಡಿ. ಕಲ್ಲಿನ ರಾಶಿಯ ಮೇಲೆ ನೀರು ಸುರಿಯುವ ಧೈರ್ಯ ಮಾಡಬೇಡಿ, ಮುಖಕ್ಕೆ ಸಿಡಿಯುತ್ತದೆ. ಒಂದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕಲ್ಲು ಬಿರಿದು, ಗುಳುಗುಳು ಎಂದು, ಇಡೀ ಡ್ರಮ್ಮು ಒಲೆಯಿಲ್ಲದೆ ಕುದಿಯತೊಡಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು, ತುಂಬು ತೋಳಿನ ಅಂಗಿ. ಮಕ್ಕಳು, ನಾಯಿ ದೂರ. ಕಣ್ಣಿಗೆ ಹಾರಿದರೆ ಧಾರಾಳ ನೀರಿನಿಂದ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು. ಇಷ್ಟು ಓದಿ ಹೆದರಿಕೆಯಾದರೆ ಅಂಗಡಿಯಲ್ಲಿ ಅರಳಿದ ಸುಣ್ಣದ ಪುಡಿಯೇ ಸಿಗುತ್ತದೆ, ರಾತ್ರಿ ನೆನೆಹಾಕಿದರೆ ಸಾಕು. ನನಗೆ ಮಾತ್ರ ಆ ಕುದಿತ ನೋಡುವ ಆಸೆ ಇನ್ನೂ ಹೋಗಿಲ್ಲ.

ಅರಳಿದ ಸುಣ್ಣದ ಮೇಲೆ ಸದಾ ನೀರು ನಿಂತಿರುವಂತೆ ಮುಚ್ಚಿ, ಕನಿಷ್ಠ ಎರಡು ವಾರ ಬಿಡಿ. ಹೆಚ್ಚು ದಿನ ಬಿಟ್ಟಷ್ಟೂ ಬೆಣ್ಣೆಯಾಗುತ್ತದೆ. ಹಳೆಯ ಪಂಚೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ. ಬೆರಳು ಅದ್ದಿ ತೆಗೆದರೆ ಉಗುರು ಮಸುಕಾಗಿ ಕಾಣಬೇಕು. ಗೋಡೆಗೆ ನೀರು ಚಿಮುಕಿಸಿ ಒದ್ದೆ ಮಾಡಿ ಬಳಿಯಿರಿ. ಮೊದಲ ಕೈ ಬಳಿದಾಗ ಏನೂ ಬಳಿದಂತೆಯೇ ಇರುವುದಿಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ತೆಳುವಾಯಿತೆಂದು ಗಟ್ಟಿ ಮಾಡುತ್ತಾರೆ, ಗಟ್ಟಿ ಬಳಿದದ್ದು ಒಣಗಿ ಪುಡಿಪುಡಿಯಾಗಿ ಸೀರೆಗೆ ಹತ್ತುತ್ತದೆ. ಒಂದು ದಿನ ಕಾಯಿರಿ. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತಾ ಬೆಳ್ಳಗಾಗುತ್ತದೆ. ಕೊಳವೆ ಊದಿಸಿದ ಪಾಠ ಇದೇ. ದಿನಕ್ಕೊಂದರಂತೆ ನಾಲ್ಕೈದು ಕೈ ಬೇಕು. ಬಣ್ಣ ಬೇಕಿದ್ದರೆ ಕಾವಿಯನ್ನೋ ಹಳದಿ ಆಕ್ಸೈಡ್ ಪುಡಿಯನ್ನೋ ಬೆರೆಸಿ, ಬಾಗಿಲ ಹಿಂದೆ ಬಳಿದು ಒಣಗಿಸಿ ನೋಡಿ. ಬಕೆಟ್ಟಿನಲ್ಲಿ ಕಂಡದ್ದಕ್ಕಿಂತ ಬಹಳ ತಿಳಿಯಾಗುತ್ತದೆ. ಸುಣ್ಣ ಕ್ಷಾರವಾದ್ದರಿಂದ ಬೂಷ್ಟೂ ಅಷ್ಟಾಗಿ ಹತ್ತುವುದಿಲ್ಲ. ನಮ್ಮ ಮಳೆಗೆ ಅದೊಂದೇ ಕಾರಣ ಸಾಕು.

ಎತ್ತರದ ಬಗ್ಗೆ ಒಂದು ಮಾತು. ಹಜಾರದ ಗೋಡೆಯ ಮೇಲ್ಭಾಗ ಹದಿಮೂರು ಅಡಿ. ನಮ್ಮ ಮನೆಯವರು ತೋಟದಿಂದ ಕರಿಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ತಂದರು. ಅದು ಮರಕ್ಕೆ ಒರಗಿಸಿ ಕಟ್ಟುವ ಏಣಿ. ಮರದ ಕವಲು ಅದನ್ನು ಹಿಡಿದುಕೊಳ್ಳುತ್ತದೆ, ಗೋಡೆ ಹಿಡಿದುಕೊಳ್ಳುವುದಿಲ್ಲ. ಏಣಿ ಪಕ್ಕಕ್ಕೆ ಜಾರಿತು. ಸುಣ್ಣದ ಬಕೆಟ್ಟು ಮಾವನವರ ಪಟದ ಮೇಲೆ, ಇವರು ಸೋಫಾದ ಮೇಲೆ. ಮೊಣಕೈ ಉಳುಕಿ ಮೂರು ವಾರ ಬಟ್ಟೆ ಕಟ್ಟಿಕೊಂಡು ತಿರುಗಿದರು. ಸ್ಟೂಲಿನ ಮೇಲೆ ನಿಂತು ಉದ್ದ ಕೋಲಿಗೆ ಕುಂಚ ಕಟ್ಟಿದರೆ ಎಲ್ಲಿಯವರೆಗೆ ಎಟುಕುತ್ತದೆಯೋ ಅದು ನಿಮ್ಮದು. ಅದರ ಮೇಲಿನದು ಸಾರುವೆ ಕಟ್ಟುವವರದ್ದು.

ಹಂಚಿನ ಮಾಡಂತೂ ಪೂರ್ತಿ ಅವರದ್ದೇ. ಪಾಚಿ ಕಟ್ಟಿದ ಹಂಚಿನ ಮೇಲೆ ಎಲ್ಲಿ ಕಾಲಿಡಬೇಕು, ಕೆಳಗಿನ ರೀಪು ಎಲ್ಲಿ ಹಾದುಹೋಗಿದೆ ಎಂಬುದು ಅವರ ಪಾದಕ್ಕೆ ಗೊತ್ತು. ನಿಮ್ಮ ಪಾಲಿನ ಕೆಲಸ ಒಂದಿದೆ: ಒಡೆದ ಹಂಚೊಂದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದು. ಎಲ್ಲ ಮಂಗಳೂರು ಹಂಚೂ ಒಂದೇ ಅಲ್ಲ, ಒಂದು ಕಾರ್ಖಾನೆಯ ಅಚ್ಚಿನ ಹಂಚು ಇನ್ನೊಂದರ ತೋಡಿನಲ್ಲಿ ಕೂರುವುದಿಲ್ಲ. ಹಂಚಿನ ಬೆನ್ನಿನ ಮೇಲೆ ಒತ್ತಿದ ಹೆಸರು ನೋಡಿ, ಹಳೆಯ ಮನೆ ಕೆಡವಿದ ಕಡೆ ಅದೇ ಹೆಸರಿನದ್ದು ಸಿಕ್ಕಿದರೆ ಐವತ್ತು ಹೆಚ್ಚಿಗೆ ತಂದು ಅಟ್ಟದಲ್ಲಿಡಿ.

ಬಾಗಿಲು, ಕಿಟಕಿಗಳ ಹಳೆಯ ಎಣ್ಣೆ ಬಣ್ಣದಲ್ಲಿ ವಿಷಕಾರಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಮಿತಿ ಹತ್ತು ಲಕ್ಷಕ್ಕೆ 90 ಪಾಲು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಂದು. ಆದ್ದರಿಂದ ಒಣ ಮರಳು ಕಾಗದ ಹಾಕಿ ಉಜ್ಜಬೇಡಿ, ಬೆಂಕಿ ಹಿಡಿದು ಸುಡಬೇಡಿ. ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಿ, ಕೆಳಗೆ ಹಾಳೆ ಹಾಸಿ ಚಕ್ಕೆಗಳನ್ನು ಕಟ್ಟಿ ಎಸೆಯಿರಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅಷ್ಟು ದಿನ ಅಜ್ಜಿ ಮನೆಗೆ ಕಳುಹಿಸಿ. ಎರಡು ಬಾಗಿಲಾದರೆ ನಾವೇ ಮಾಡಬಹುದು, ಹನ್ನೆರಡಾದರೆ ಜನ ಹಿಡಿಯಿರಿ, ಅವರಿಂದಲೂ ಒದ್ದೆಯಾಗಿಯೇ ಉಜ್ಜಿಸಿ. ನಮ್ಮ ಮುಂಬಾಗಿಲಿನ ಮೂಲೆಯಲ್ಲಿ ಒಂದಂಗುಲ ಕೆರೆದು ನೋಡಿದಾಗ ಹಸಿರು, ನೀಲಿ, ಮತ್ತೆ ಹಸಿರು ಬಣ್ಣದ ಅಡಿಯಲ್ಲಿ ಕಪ್ಪು ಗೆರೆಯ ಬೀಟೆ ಮರ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿ ಆಚಾರಿಯನ್ನು ಕರೆದೆ.

ಸ್ಕ್ರೂಡ್ರೈವರಿನ ತುದಿಯಿಂದ ಚೌಕಟ್ಟಿನ ಬುಡ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದಂತೆ ಇಳಿದರೆ ಗೆದ್ದಲು ಅಥವಾ ಮರ ಕೊರೆಯುವ ಕುಟ್ಟೆ ಹುಳು. ಇದಕ್ಕೆ ನಮ್ಮ ಸೀಮೆಎಣ್ಣೆ ವೈದ್ಯ ಸಾಲದು, ಔಷಧ ಹೊಡೆಯುವವರೇ ಬರಬೇಕು.

ವಿದ್ಯುತ್ತಿನ ವಿಷಯದಲ್ಲಿ ನನಗೆ ಪಾಠ ಮಾಡಿದ್ದು ನನ್ನದೇ ಹಳೆಯ ವಿದ್ಯಾರ್ಥಿ. ಈಗ ಪರವಾನಗಿ ಇರುವ ಎಲೆಕ್ಟ್ರಿಷಿಯನ್. ಬೋರ್ಡಿಗೆ ಬಣ್ಣ ತಾಗದಿರಲಿ ಎಂದು ನಾನೇ ಬಿಚ್ಚಲು ಹೊರಟಿದ್ದೆ.

"ಟೀಚರ್, ಅದನ್ನು ಮುಟ್ಟಬೇಡಿ."

"ಮೇನ್ ಆಫ್ ಮಾಡಿದ್ದೇನಲ್ಲ ಮಾರಾಯ."

"ಆಫ್ ಮಾಡಿದರೂ ವೈರು ಉಳಿಯುವುದಿಲ್ಲ ಟೀಚರ್, ನೋಡಿ."

ಮರದ ಪಟ್ಟಿಯ ಮೇಲೆ ಎಳೆದಿದ್ದ ಹಳೆಯ ವೈರನ್ನು ಅವನು ಸ್ವಲ್ಪ ಬಗ್ಗಿಸಿದ. ಮೇಲಿನ ರಬ್ಬರು ಹುರಿದ ಹಪ್ಪಳದಂತೆ ಉದುರಿತು. ಇಡೀ ಮನೆಗೆ ಹೊಸ ವೈರು ಎಳೆಸಿ, ಹೊಸದಾಗಿ ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು. ಈ ಕೆಲಸ ಬಣ್ಣಕ್ಕಿಂತ ಮೊದಲೇ ಮುಗಿಯಬೇಕು, ಇಲ್ಲದಿದ್ದರೆ ಬಳಿದ ಗೋಡೆಯನ್ನೇ ಮತ್ತೆ ಕೆತ್ತಬೇಕಾಗುತ್ತದೆ. ಮೊದಲು ಹಂಚಿನ ಮಾಡು, ಆಮೇಲೆ ವೈರು, ಆಮೇಲೆ ಗಾರೆ, ಕೊನೆಗೆ ಬಣ್ಣ.

ಜನ ಹಿಡಿಯುವಾಗ ಕಂತ್ರಾಟು ಬೇಡ, ಹಳೆಯ ಮನೆಗೆ ದಿನಗೂಲಿಯೇ ಸರಿ. ಗೋಡೆ ಬಿಚ್ಚಿದ ಮೇಲೆ ಒಳಗೇನಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಚದರಡಿ ಲೆಕ್ಕಕ್ಕೆ ಒಪ್ಪಿಕೊಂಡವರು ಕಂಡದ್ದನ್ನು ಮುಚ್ಚಿ ಮುಂದೆ ಹೋಗುತ್ತಾರೆ. ಚದರಡಿಯೇ ಆಗುವುದಾದರೆ ಬಾಗಿಲು, ಕಿಟಕಿಯ ಜಾಗ ಕಳೆಯುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿ ಬರೆದಿಡಿ. ಅವರು ಹಿಂದೆ ಮಾಡಿದ ಮನೆಯನ್ನು ಆಗಸ್ಟ್ ತಿಂಗಳಲ್ಲಿ ಹೋಗಿ ನೋಡಿ. ಏಪ್ರಿಲ್‌ನಲ್ಲಿ ಎಲ್ಲ ಗೋಡೆಯೂ ಚೆನ್ನಾಗಿಯೇ ಇರುತ್ತದೆ.

ದಿನ ಗೊತ್ತುಮಾಡುವುದು ಇಲ್ಲಿ ದೊಡ್ಡ ತಲೆನೋವು. ಗೋಡೆ ಒಣಗಿರುವುದು ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಅದೇ ಸಮಯಕ್ಕೆ ಅರೇಬಿಕಾ ಕಾಫಿಯ ಕೊಯ್ಲು, ಆಮೇಲೆ ರೋಬಸ್ಟಾ, ಅದರ ಬೆನ್ನಿಗೇ ಮೆಣಸು. ಕೈಕಾಲು ಗಟ್ಟಿ ಇರುವವರೆಲ್ಲ ತೋಟದಲ್ಲಿರುತ್ತಾರೆ. ನವೆಂಬರ್, ಡಿಸೆಂಬರಿನಲ್ಲಿ ಬರುವ ಹುತ್ತರಿ ಸುಗ್ಗಿ ಹಬ್ಬಕ್ಕೆ ಮೊದಲೇ ಮೇಸ್ತ್ರಿಗೆ ಮುಂಗಡ ಕೊಟ್ಟು ದಿನ ಹಿಡಿಯಿರಿ. ನಡುವೆ ಕಾಫಿ ಗಿಡ ಅರಳಿಸುವ ಹೂ ಮಳೆ ಬಂದರೆ ಎರಡು ದಿನ ಸುಣ್ಣದ ಕೆಲಸ ನಿಲ್ಲಿಸಿ, ತೋಟದವರು ಖುಷಿಪಡಲಿ.

ಐನ್‌ಮನೆ, ಅಂದರೆ ಕೊಡವ ಕುಟುಂಬಕ್ಕೆಲ್ಲ ಸೇರಿದ ಮೂಲ ಮನೆಯಾದರೆ ಈ ಲೆಕ್ಕವೆಲ್ಲ ಆಮೇಲಿನದು. ವಿರಾಜಪೇಟೆ ಕಡೆಯ ನನ್ನ ಸಹೋದ್ಯೋಗಿಯೊಬ್ಬರು ಕೈಯಾಲೆಯ, ಅಂದರೆ ಜಗಲಿಯ, ಕೂರುವ ಹಲಗೆಯಾದ ಐಮರಕ್ಕೆ ಎಣ್ಣೆ ಹಚ್ಚಲು ಯಾರನ್ನೂ ಕೇಳಲಿಲ್ಲ, ಕಂಬಕ್ಕೆ ವಾರ್ನಿಷ್ ಬಳಿಯುವ ಮಾತೆತ್ತಿದಾಗ ಇಡೀ ಒಕ್ಕದವರು, ಅಂದರೆ ಮನೆತನದವರೆಲ್ಲ, ಸಭೆ ಸೇರಿದರು. ಆ ಸಭೆ ಇನ್ನೂ ಮುಗಿದಿಲ್ಲ.

ನಮ್ಮ ಉಗ್ರಾಣದ ಒಂದು ಗೋಡೆಯಲ್ಲಿ ಗುಲಾಬಿ ಬಣ್ಣ ಇನ್ನೂ ಉಳಿದಿದೆ. ಅದನ್ನು ಕೆರೆಯುವ ಸರದಿ ನಮ್ಮ ಮನೆಯವರದ್ದು. ಸುಣ್ಣ ಡ್ರಮ್ಮಿನಲ್ಲಿ ನೆನೆಯುತ್ತಿದೆ. ಮೆಣಸಿನ ಏಣಿಯನ್ನು ತೋಟದ ಮನೆಯಲ್ಲಿಟ್ಟು ಬೀಗ ಹಾಕಿದ್ದೇನೆ.