ಹಿತ್ತಲ ಕಸಕ್ಕೆ ಬೆಂಕಿ ಹಚ್ಚುವ ಮೊದಲು: ಜಾರ್ಜಿಯಾದಲ್ಲಿರುವ ಕನ್ನಡದವರಿಗೆ

ಅಟ್ಲಾಂಟಾದಿಂದ ಉತ್ತರಕ್ಕೆ, ನಮ್ಮ ಫೋರ್ಸಿತ್ ಕೌಂಟಿಯ ಕಡೆ, ನವೆಂಬರ್ ಬಂತೆಂದರೆ ಹಿತ್ತಲ ತುಂಬ ಎಲೆ. ಓಕ್ ಎಲೆ, ಸ್ವೀಟ್‌ಗಮ್ ಮರದ ಮುಳ್ಳುಕಾಯಿ, ಪೈನ್ ಸೂಜಿ, ಜತೆಗೆ ಗಾಳಿಗೆ ಮುರಿದು ಬಿದ್ದ ಕೊಂಬೆ. ಹೊಸದಾಗಿ ಮನೆ ಕೊಂಡವರು ಫೋನ್ ಮಾಡಿದರೆ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಇದನ್ನೆಲ್ಲ ಇಲ್ಲಿ ಸುಡಬಹುದಾ? ಪರ್ಮಿಟ್ ಬೇಕಾ?" ನನ್ನದು ಒಂದೂವರೆ ಎಕರೆ ಜಾಗ, ಹಿಂದೆ ಕಾಡು. ಚಳಿಗಾಲದಲ್ಲಿ ಕೊಂಬೆ ಸುಡುವುದು ನನಗೆ ರೂಢಿ. ಪ್ರತಿ ಸಲ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಪರ್ಮಿಟ್ ವಿಷಯ ಮೊದಲು. 2021ರ ಜುಲೈ 1ರಿಂದ ಜಾರ್ಜಿಯಾದಲ್ಲಿ, ಕೈಯಿಂದ ಒಟ್ಟಿದ ಹಿತ್ತಲ ಕಸ ಸುಡಲು ರಾಜ್ಯದ ಪರ್ಮಿಟ್ ಬೇಕಿಲ್ಲ. ಅದಕ್ಕೂ ಮೊದಲು ಪ್ರತಿ ಸಲ ಜಾರ್ಜಿಯಾ ಫಾರೆಸ್ಟ್ರಿ ಕಮಿಷನ್‌ಗೆ ತಿಳಿಸಬೇಕಿತ್ತು. ಈಗ ಆ ಒಂದು ಹೆಜ್ಜೆ ಹೋಗಿದೆ. ಆದರೆ ಹೋಗಿದ್ದು ಅದೊಂದೇ. ಬೆಂಕಿ ಎಲ್ಲಿರಬೇಕು, ಎಷ್ಟು ಹೊತ್ತಿಗೆ ಆರಿರಬೇಕು, ಯಾವ ತಿಂಗಳು ಹಚ್ಚಲೇಬಾರದು ಎಂಬ ನಿಯಮಗಳೆಲ್ಲ ಹಾಗೇ ಇವೆ. "ಪರ್ಮಿಟ್ ಬೇಡವಂತೆ" ಎಂಬ ಅರ್ಧ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ಇನ್ನರ್ಧ ಓಡಾಡುವುದಿಲ್ಲ. ಈ ರಾಜ್ಯದಲ್ಲಿ ಕಾಳ್ಗಿಚ್ಚಿಗೆ ಮೊದಲನೇ ಕಾರಣ ಸಿಡಿಲೂ ಅಲ್ಲ, ಸಿಗರೇಟೂ ಅಲ್ಲ. ಹೀಗೆ ಕಸ ಸುಡಲು ಹೋಗಿ ಕೈತಪ್ಪಿದ ಬೆಂಕಿ.

"ಕೈಯಿಂದ ಒಟ್ಟಿದ" ಎನ್ನುವುದನ್ನು ಗಮನಿಸಿ. ನಿಮ್ಮ ಹಿತ್ತಲಲ್ಲೇ ಬೆಳೆದು ಬಿದ್ದ ಕೊಂಬೆ, ಬಳ್ಳಿ, ಎಲೆಯನ್ನು ನೀವೇ ಹೊತ್ತು ಒಂದು ಕಡೆ ಹಾಕಿದರೆ ಅದು ಈ ಲೆಕ್ಕಕ್ಕೆ ಬರುತ್ತದೆ. ಬಾಬ್‌ಕ್ಯಾಟ್ ಎಂಬ ಮಣ್ಣು ತಳ್ಳುವ ಗಾಡಿ ತರಿಸಿ ಮರ ಉರುಳಿಸಿ, ಯಂತ್ರದಲ್ಲಿ ತಳ್ಳಿ ರಾಶಿ ಮಾಡಿದರೆ ಬರುವುದಿಲ್ಲ. ಅದಕ್ಕೆ ಪರ್ಮಿಟ್ ಬೇಕು. ಹೊಲ ಸುಡಲು, ಎಕರೆಗಟ್ಟಲೆ ಕಾಡಿನ ನೆಲ ಸುಡಲು ಕೂಡ ಬೇಕು. ಫಾರೆಸ್ಟ್ರಿ ಕಮಿಷನ್‌ನ ವೆಬ್‌ಸೈಟಿನಲ್ಲಿ ತಗೊಳ್ಳಬಹುದು, ಇಲ್ಲವೇ 1-877-652-2876ಕ್ಕೆ ಫೋನ್ ಮಾಡಬಹುದು. ಜಾಗ ಕ್ಲಿಯರ್ ಮಾಡಲು ಕಂಟ್ರಾಕ್ಟರ್ ಇಟ್ಟಿದ್ದರೆ "ಪರ್ಮಿಟ್ ತೋರಿಸಿ" ಎಂದು ಕೇಳಲು ಸಂಕೋಚ ಬೇಡ. ಜಾಗ ನಿಮ್ಮದು.

ಮನುಷ್ಯ ಮಾಡಿದ ಯಾವ ವಸ್ತುವನ್ನೂ ಆ ರಾಶಿಗೆ ಹಾಕುವಂತಿಲ್ಲ. ಹಳೇ ಡೆಕ್‌ನ ಹಲಗೆ, ಮುರಿದ ಕುರ್ಚಿ, ಛಾವಣಿಯ ಶಿಂಗಲ್, ಟೈರು, ಪ್ಲಾಸ್ಟಿಕ್, ಮನೆಯ ಕಸ, ಎಲ್ಲವೂ ನಿಷಿದ್ಧ. ನಮ್ಮವರು ಮರೆಯುವ ಒಂದೆರಡು ಹೇಳುತ್ತೇನೆ. ಗೃಹಪ್ರವೇಶಕ್ಕೆ ಕಟ್ಟಿದ ಪ್ಲಾಸ್ಟಿಕ್ ತೋರಣ, ದೇವರ ಮನೆಯಿಂದ ತೆಗೆದ ನೈಲಾನ್ ದಾರದ ಹಾರ, ಹೊಸ ಮನೆಗೆ ಬಂದ ಸಾಮಾನಿನ ರಟ್ಟಿನ ಪೆಟ್ಟಿಗೆ. "ಹೇಗೂ ಬೆಂಕಿ ಹಚ್ಚಿದ್ದೇವೆ, ಇದೂ ಹೋಗಲಿ" ಅನ್ನಿಸುತ್ತದೆ. ಹಾಕಬೇಡಿ. ಬಣ್ಣ ಬಳಿದ, ಔಷಧ ಹೊಡೆದ ಹಲಗೆಯ ಹೊಗೆ ನಿಜಕ್ಕೂ ವಿಷ.

ಇನ್ನು ತಿಂಗಳ ಲೆಕ್ಕ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಜಾರ್ಜಿಯಾದ 54 ಕೌಂಟಿಗಳಲ್ಲಿ ಹಿತ್ತಲ ಕಸ ಸುಡುವುದು ಪೂರ್ತಿ ನಿಷೇಧ. ಫೋರ್ಸಿತ್, ಫುಲ್ಟನ್, ಗ್ವಿನೆಟ್, ಕಾಬ್, ಡಿಕಾಲ್ಬ್, ಚೆರೋಕೀ ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಅಟ್ಲಾಂಟಾ ಸುತ್ತಮುತ್ತ ನಮ್ಮವರು ಜಾಸ್ತಿ ಇರುವ ಕಡೆಯೆಲ್ಲ. ಇದು ಕಾಳ್ಗಿಚ್ಚಿನ ಭಯದಿಂದ ಬಂದ ನಿಷೇಧ ಅಲ್ಲ. ಬೇಸಿಗೆಯ ಬಿಸಿಲಲ್ಲಿ ವಾಹನಗಳ ಹೊಗೆಯೂ ಸುಟ್ಟ ಕಸದ ಹೊಗೆಯೂ ಸೇರಿ ನೆಲಮಟ್ಟದಲ್ಲಿ ಓಝೋನ್ ಆಗುತ್ತದೆ, ಅದು ಉಬ್ಬಸ ಇರುವವರ ಎದೆ ಹಿಡಿಯುತ್ತದೆ. ಹಾಗಾಗಿ ಜುಲೈನಲ್ಲಿ ಮೂರು ದಿನ ಮಳೆ ಸುರಿದು ನೆಲ ಒದ್ದೆಯಾಗಿದ್ದರೂ "ಈಗ ಪರವಾಗಿಲ್ಲ" ಅನ್ನುವಂತಿಲ್ಲ. ಅಡುಗೆಯ ಗ್ರಿಲ್, ಮಕ್ಕಳು ಸುತ್ತ ಕೂರುವ ಸಣ್ಣ ಕ್ಯಾಂಪ್‌ಫೈರ್ ಇವಕ್ಕೆ ರಾಜ್ಯದ ಈ ನಿಷೇಧ ಇಲ್ಲ. ಕ್ಯಾಂಪ್‌ಫೈರ್ ಹೆಸರಲ್ಲಿ ಕಸ ಸುಟ್ಟರೆ ಮಾತ್ರ ಅದು ಕಸ ಸುಟ್ಟಂತೆಯೇ.

ಅಕ್ಟೋಬರ್ 1 ಆಯಿತು, ಹಚ್ಚಬಹುದಾ? ಇನ್ನೂ ಇಲ್ಲ. ವಿಚಾರಿಸುವುದಕ್ಕೆ ಒಂದು ಕ್ರಮ ಇದೆ. ಹತ್ತಿರದವರಿಂದ ಶುರು ಮಾಡಿ. ಮೊದಲು ನಿಮ್ಮ ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದ, ಕಾಗದ ತೆಗೆದು ನೋಡಿ. ಸಬ್‌ಡಿವಿಷನ್‌ಗಳಲ್ಲಿ ಸಾಮಾನ್ಯವಾಗಿ ಸುಡಲು ಬಿಡುವುದೇ ಇಲ್ಲ, ಅಲ್ಲಿಗೆ ಮಾತು ಮುಗಿಯಿತು. ಎಚ್‌ಒಎ ಇಲ್ಲದಿದ್ದರೆ, ನೀವು ಯಾವುದಾದರೂ ಊರಿನ ಗಡಿಯೊಳಗೆ ಇದ್ದೀರಾ ಎಂದು ನೋಡಿ. ಅಂಚೆ ವಿಳಾಸದಲ್ಲಿ ಕಮ್ಮಿಂಗ್ ಎಂದು ಇರುತ್ತದೆ, ಮನೆ ಮಾತ್ರ ಕಮ್ಮಿಂಗ್ ಸಿಟಿಯ ಹೊರಗೆ, ಬರೀ ಕೌಂಟಿಯಲ್ಲಿ ಇರುತ್ತದೆ. ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಸಿಟಿ ತೆರಿಗೆ ಇದೆಯೋ ಇಲ್ಲವೋ ನೋಡಿದರೆ ಗೊತ್ತಾಗುತ್ತದೆ. ಸಿಟಿ, ಕೌಂಟಿಗಳು ರಾಜ್ಯಕ್ಕಿಂತ ಬಿಗಿಯಾದ ನಿಯಮ ಮಾಡಬಹುದು, ಮಾಡಿವೆ ಕೂಡ. ಆಮೇಲೆ ಕೌಂಟಿಯ ಫೈರ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ. ತುರ್ತಿನ 911ಕ್ಕೆ ಅಲ್ಲ, ಆಫೀಸಿನ ನಂಬರಿಗೆ. "ನನ್ನ ಮನೆ ಈ ರಸ್ತೆಯಲ್ಲಿ. ಕೈಯಿಂದ ಒಟ್ಟಿದ ಕೊಂಬೆ ಇವತ್ತು ಸುಡಬಹುದಾ?" ಇಷ್ಟು ಕೇಳಿದರೆ ಸಾಕು. "ಇವತ್ತು" ಎಂಬ ಮಾತು ಬಿಡಬೇಡಿ. ಗಾಳಿ ಜೋರಿದ್ದ ದಿನ, ಬರಗಾಲದ ವಾರ, ಒಂದೇ ದಿನದ ಮಟ್ಟಿಗೂ ನಿಲ್ಲಿಸುವುದುಂಟು. ಫೋನ್ ಮಾಡಿದರೆ ಸುಮ್ನೆ ಗಮನ ಸೆಳೆದಂತಾಗುತ್ತದೆ ಎಂದು ಹೆದರುವವರನ್ನು ನೋಡಿದ್ದೇನೆ. ವೀಸಾದಲ್ಲಿ ಇರುವವರಿಗೆ ಈ ಅಳುಕು ಜಾಸ್ತಿ. ಫೈರ್ ಡಿಪಾರ್ಟ್‌ಮೆಂಟಿನವರು ದಿನವೂ ಇಂಥ ಫೋನ್ ತೆಗೆಯುವವರು, ಸಂತೋಷದಿಂದ ಹೇಳುತ್ತಾರೆ.

ರಾಜ್ಯ ಹಾಕುವ ಷರತ್ತು ಐದು. ರಾಶಿ ಕಾಡಿನಿಂದ ಕನಿಷ್ಠ 25 ಅಡಿ ದೂರ ಇರಬೇಕು. ಕಟ್ಟಡದಿಂದ ಕನಿಷ್ಠ 50 ಅಡಿ. ಸೂರ್ಯ ಹುಟ್ಟಿದ ಮೇಲೆ ಹಚ್ಚಿ, ಮುಳುಗುವ ಮೊದಲೇ ಆರಿಸಬೇಕು. ಪೂರ್ತಿ ಆರುವ ತನಕ ಒಬ್ಬರು ಅಲ್ಲೇ ಇರಬೇಕು. ನೀರು, ಸಲಿಕೆ, ಬೆಂಕಿ ದಾಟದಂತೆ ಸುತ್ತ ನೆಲ ಕೆರೆದ ಬೆಂಕಿರೇಖೆ, ಇಂಥ ಎಚ್ಚರಿಕೆ ಇರಬೇಕು.

ಓದಲು ಸುಲಭ, ಆದರೆ 50 ಅಡಿಯನ್ನು ಟೇಪ್ ಹಿಡಿದು ಅಳೆದು ನೋಡಿ. ಕಾಲು ಎಕರೆ ಎಂದರೆ 10,890 ಚದರ ಅಡಿ. ರಾಶಿಯ ಸುತ್ತ 50 ಅಡಿ ಬಿಟ್ಟು ಒಂದು ವೃತ್ತ ಎಳೆದರೆ ಅದೇ ಸುಮಾರು 7,850 ಚದರ ಅಡಿ. ಕಾಲು ಎಕರೆಯ ಮುಕ್ಕಾಲು ಪಾಲು ಅಲ್ಲಿಗೇ ಹೋಯಿತು. ಆ ವೃತ್ತದೊಳಗೆ ನಿಮ್ಮ ಮನೆ, ಶೆಡ್ಡು ಯಾವುದೂ ಬರಬಾರದು, ಪಕ್ಕದವರ ಗ್ಯಾರೇಜೂ ಬರಬಾರದು. ಮರದ ಬೇಲಿಯನ್ನೂ ನಾನು ಕಟ್ಟಡದ ಲೆಕ್ಕಕ್ಕೇ ಸೇರಿಸುತ್ತೇನೆ. ಹಾಗಾಗಿ ಕಾಲು ಎಕರೆ, ಮೂರನೇ ಒಂದು ಎಕರೆ ಜಾಗದವರಿಗೆ ನನ್ನ ಉತ್ತರ ನೇರ: ನಿಮ್ಮ ಹಿತ್ತಲು ಸುಡುವ ಹಿತ್ತಲಲ್ಲ. ಕೊಂಬೆಗಳನ್ನು ಪುಡಿ ಮಾಡುವ ಚಿಪ್ಪರ್ ಯಂತ್ರಕ್ಕೆ ಕೊಡಿ, ಇಲ್ಲವೇ ಹಿತ್ತಲ ಕಸ ತಗೊಳ್ಳುವ ಜಾಗಕ್ಕೆ ಒಯ್ಯಿರಿ. ಕ್ರಿಸ್‌ಮಸ್ ಮರ ತಂದಿದ್ದರೆ, "ಬ್ರಿಂಗ್ ಒನ್ ಫಾರ್ ದ ಚಿಪ್ಪರ್" ಎಂಬ ಹೆಸರಲ್ಲಿ ಹಬ್ಬದ ನಂತರ ಅವನ್ನು ಸಂಗ್ರಹಿಸಿ ಪುಡಿ ಮಾಡುತ್ತಾರೆ.

ಜಾಗ ಇದ್ದವರು ದಿನ ಆರಿಸುವಾಗ ಅವಸರ ಮಾಡಬೇಡಿ. ಇಲ್ಲಿ ಬೆಂಕಿಗೆ ಹೆಚ್ಚು ಅಪಾಯದ ಕಾಲ ಫೆಬ್ರವರಿ, ಮಾರ್ಚ್, ಏಪ್ರಿಲ್. ಹುಲ್ಲು ಒಣಗಿರುತ್ತದೆ, ಮರದಲ್ಲಿ ಎಲೆ ಇಲ್ಲದೆ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಮಳೆ ಬಂದು ಹೋದ ಮರುದಿನ ಆಕಾಶ ತಿಳಿಯಾಗಿ ಹಿತವಾಗಿ ಕಾಣುತ್ತದಲ್ಲ, ಅದೇ ಮೋಸದ ದಿನ. ಉತ್ತರದಿಂದ ಒಣಗಾಳಿ ಜೋರಾಗಿ ಬೀಸುತ್ತದೆ, ಕೆಲವೇ ಗಂಟೆಯಲ್ಲಿ ಎಲೆ ಗರಿಗರಿಯಾಗುತ್ತದೆ. ಪೀಚ್‌ಟ್ರೀ ಸಿಟಿಯ ಹವಾಮಾನ ಕಚೇರಿ ಕೊಡುವ ಮುನ್ಸೂಚನೆಯಲ್ಲಿ ಗಾಳಿಯ ವೇಗ, ತೇವಾಂಶ ಎರಡನ್ನೂ ನೋಡಿ. ಗಾಳಿ ಗಂಟೆಗೆ 10 ಮೈಲಿ ದಾಟಿದರೆ, ತೇವಾಂಶ ಶೇಕಡಾ 40ಕ್ಕಿಂತ ಇಳಿದರೆ ನಾನು ಕಡ್ಡಿ ಗೀರುವುದಿಲ್ಲ. ಇದು ಸರ್ಕಾರದ ಅಂಕಿ ಅಲ್ಲ, ನನ್ನ ಅಂಕಿ. ಬೆಂಕಿ ಬೇಗ ಹಬ್ಬುವ ಹವೆ ಎಂದು ಹವಾಮಾನ ಕಚೇರಿ ಕೊಡುವ ರೆಡ್ ಫ್ಲ್ಯಾಗ್ ಎಚ್ಚರಿಕೆ ಇದ್ದ ದಿನವಂತೂ ಯೋಚನೆಯೇ ಬೇಡ.

2016ರ ನವೆಂಬರ್ ಇಲ್ಲಿದ್ದವರಿಗೆ ನೆನಪಿರಬಹುದು. ಮಳೆಯಿಲ್ಲದ ಶರತ್ಕಾಲ ಅದು. ಉತ್ತರ ಜಾರ್ಜಿಯಾದ ಕೊಹುಟ್ಟಾ ಕಾಡಿನಲ್ಲಿ ರಫ್ ರಿಡ್ಜ್ ಬೆಂಕಿ ಸುಮಾರು 28,000 ಎಕರೆ ತಿಂದಿತು, ಹೊಗೆ ಅಟ್ಲಾಂಟಾದ ತನಕ ಬಂದು ಕವಿಯಿತು. ಆ ಬೆಂಕಿ ಸಿಡಿಲಿನಿಂದ ಎದ್ದದ್ದು. ಆದರೆ ಒಣಗಿದ ಕಾಡು ಎಷ್ಟು ಬೇಗ ಹೊತ್ತುತ್ತದೆ ಎಂದು ತೋರಿಸಿತು.

ಬೆಂಕಿ ಹಚ್ಚುವ ದಿನದ ಕೆಲಸ ಹೀಗೆ. ರಾಶಿಯ ಸುತ್ತ ನಾಲ್ಕೈದು ಅಡಿ ಅಗಲಕ್ಕೆ ಎಲೆ, ಹುಲ್ಲು ಎಲ್ಲ ಕೆರೆದು ಕೆಂಪು ಮಣ್ಣು ಕಾಣುವಂತೆ ಮಾಡಿ. ಊರಲ್ಲಿ ಬೇಸಿಗೆಗೆ ಮೊದಲು ಅರಣ್ಯ ಇಲಾಖೆಯವರು ಕಾಡಂಚಿಗೆ ಬೆಂಕಿರೇಖೆ ಮಾಡುತ್ತಾರಲ್ಲ, ಅದೇ ಕೆಲಸ. ಪೈಪಿಗೆ ನೀರು ಬರುತ್ತದೋ ನೋಡಿ, ರಾಶಿಯ ಆ ಬದಿಗೂ ಮುಟ್ಟುತ್ತದೋ ನೋಡಿ. ಚಳಿಗೆ ಹೊರಗಿನ ನಲ್ಲಿ ಮುಚ್ಚಿದ್ದನ್ನು ಮರೆತಿರುತ್ತೇವೆ. ವಾರಗಟ್ಟಲೆ ಬಿದ್ದಿದ್ದ ರಾಶಿಗೆ ಹಾಗೇ ಹಚ್ಚಬೇಡಿ. ಬುಡದಲ್ಲಿ ಬಾಕ್ಸ್ ಆಮೆ, ಮೊಲ, ಹಾವು ಮನೆ ಮಾಡಿರುತ್ತವೆ. ಪಕ್ಕಕ್ಕೆ ಹೊಸದಾಗಿ ಒಟ್ಟಿ ಹಚ್ಚಿ, ಪಾಪ ಅವಕ್ಕೂ ದಾರಿ ಸಿಗಲಿ.

ಒಟ್ಟುವಾಗ ಪಾಯ್ಸನ್ ಐವಿ ಬಳ್ಳಿ ಇದೆಯಾ ಎಂದು ಒಂದೊಂದೇ ಕೊಂಬೆ ನೋಡಿ. ಚಳಿಗಾಲದಲ್ಲಿ ಅದಕ್ಕೆ ಎಲೆ ಇರುವುದಿಲ್ಲ, ಮರಕ್ಕೆ ಅಂಟಿದ ಕೂದಲು ಕೂದಲಾದ ಹಗ್ಗದಂತೆ ಕಾಣುತ್ತದೆ. ಮುಟ್ಟಿದರೆ ಮೈ ಗುಳ್ಳೆ ಏಳುತ್ತದೆ. ಸುಟ್ಟರೆ ಅದರ ಎಣ್ಣೆ ಹೊಗೆಯಲ್ಲಿ ಸೇರಿ ಶ್ವಾಸಕೋಶಕ್ಕೇ ಹೋಗುತ್ತದೆ. ಆಸ್ಪತ್ರೆ ಸೇರುವಷ್ಟು ಕೆಟ್ಟದ್ದು. ಭಾರತದಿಂದ ಬಂದ ನಮಗೆ ಈ ಗಿಡದ ಪರಿಚಯವೇ ಇರುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ದೊಡ್ಡ ರಾಶಿಗೆ ಒಮ್ಮೆಲೇ ಹಚ್ಚಬೇಡಿ. ಮಂಡಿಯೆತ್ತರದ ಸಣ್ಣ ಬೆಂಕಿ ಮಾಡಿ, ಒಣ ಕೊಂಬೆಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಹೋಗಿ. ಪೆಟ್ರೋಲ್ ಖಂಡಿತ ಬೇಡ. ಅದರ ಆವಿ ಭಗ್ಗೆಂದು ನಿಮ್ಮ ಕಡೆಗೇ ಹೊತ್ತಿಕೊಳ್ಳುತ್ತದೆ. ಹಸಿ ಕೊಂಬೆ ಬರೀ ಹೊಗೆ ಕೊಡುತ್ತದೆ, ಅದನ್ನು ಮುಂದಿನ ವರ್ಷಕ್ಕೆ ಬಿಡಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶುರು ಮಾಡಿದರೆ ಮಧ್ಯಾಹ್ನದ ಗಾಳಿ ಏಳುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಐದೂವರೆಗೇ ಸೂರ್ಯ ಮುಳುಗುತ್ತಾನೆ ಎಂಬುದು ನೆನಪಿರಲಿ. ಟೀಮ್ಸ್ ಕಾಲ್ ಇರುವ ದಿನ ಈ ಕೆಲಸ ಇಟ್ಟುಕೊಳ್ಳಲೇಬೇಡಿ.

ಎಲೆಯ ಬಗ್ಗೆ ಬೇರೆಯೇ ಹೇಳಬೇಕು. ಎಲೆ ಸುಡಲು ಕಾನೂನು ಬಿಡಬಹುದು, ನಾನಂತೂ ಸುಡಬೇಡಿ ಅನ್ನುತ್ತೇನೆ. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯಿಂದ ಬಂದವನು. ನಮ್ಮಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಒಂದು ಸಂಪತ್ತು. ಮಳೆಗೆ ಮೊದಲು ಬೆಟ್ಟದಿಂದ ಗುಡಿಸಿ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ, ಅದು ಗೊಬ್ಬರ ಗುಂಡಿಗೆ ಹೋಗುತ್ತದೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಆ ದರಗೇ ಇಲ್ಲಿ ಬಿಟ್ಟಿಯಾಗಿ ಮನೆ ಬಾಗಿಲಿಗೆ ಬೀಳುತ್ತದೆ, ನಾವು ಬೆಂಕಿ ಹಚ್ಚುತ್ತೇವೆ! ಅದೇ ಬೀದಿಯಲ್ಲಿ ಪೈನ್ ಸೂಜಿಯ ಹೊರೆಯನ್ನು ದುಡ್ಡು ಕೊಟ್ಟು ತಂದು ಗಿಡಗಳಿಗೆ ಹಾಸುತ್ತಾರೆ. ನಿಮ್ಮ ಪೈನ್ ಸೂಜಿಯನ್ನು ಗುಡಿಸಿ ನಿಮ್ಮ ಅಝೇಲಿಯಾ ಗಿಡದ ಬುಡಕ್ಕೇ ಹಾಕಿ. ಮನೆ ಗೋಡೆಗೆ ಮಾತ್ರ ಒತ್ತಿ ಹಾಕಬೇಡಿ, ಅದು ಬೇಗ ಹೊತ್ತಿಕೊಳ್ಳುವ ವಸ್ತು. ಓಕ್ ಎಲೆಯ ಮೇಲೆ ಲಾನ್‌ಮೋವರ್ ಓಡಿಸಿ ಪುಡಿ ಮಾಡಿ, ತಂತಿ ಬಲೆಯ ಗೂಡಿನಲ್ಲಿ ತುಂಬಿ. ಅಡುಗೆಮನೆಯ ತರಕಾರಿ ಸಿಪ್ಪೆ ಜತೆ ಸೇರಿಸಿ, ಆಗಾಗ ನೀರು ಹಾಕಿ ಕೆದಕಿದರೆ ಒಳ್ಳೆಯ ಗೊಬ್ಬರ. ಇಲ್ಲಿನ ಗಟ್ಟಿ ಕೆಂಪು ಮಣ್ಣಿಗೆ ಇದನ್ನು ಬೆರೆಸಿದ ಮೇಲೆಯೇ ನನ್ನ ಬದನೆ, ಮೆಂತ್ಯ ಸರಿಯಾಗಿ ಬಂದದ್ದು. ಎಲೆ ಸುಟ್ಟರೆ ಗೊಬ್ಬರವೂ ಇಲ್ಲ, ಉರಿಯೂ ಸರಿಯಿಲ್ಲ, ದಟ್ಟ ಹೊಗೆ ಮತ್ತು ಹಾರುವ ಕಿಡಿ ಮಾತ್ರ.

ಕೊಂಬೆ ಸುಟ್ಟು ಉಳಿದ ಬೂದಿಯನ್ನು, ಪೂರ್ತಿ ತಣ್ಣಗಾದ ಮೇಲೆ, ತರಕಾರಿ ಮಡಿಗೆ ತೆಳುವಾಗಿ ಹರಡಬಹುದು. ಇಲ್ಲಿನ ಮಣ್ಣು ಹುಳಿ, ಬೂದಿ ಅದನ್ನು ತಗ್ಗಿಸುತ್ತದೆ. ಬ್ಲೂಬೆರಿ, ಅಝೇಲಿಯಾಗಳಿಗೆ ಹಾಕಬೇಡಿ, ಅವಕ್ಕೆ ಹುಳಿ ಮಣ್ಣೇ ಬೇಕು.

ಆರಿಸುವ ಕೆಲಸಕ್ಕೆ ಹಚ್ಚಿದ ಕೆಲಸಕ್ಕಿಂತ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ನೀರು ಸುರಿಯಿರಿ, ಸಲಿಕೆಯಲ್ಲಿ ಕೆದಕಿ, ಮತ್ತೆ ಸುರಿಯಿರಿ. ಮೇಲೆ ಮಣ್ಣು ಮುಚ್ಚಿ ಹೋಗುವುದು ತಪ್ಪು, ಒಳಗೆ ಕೆಂಡ ಹಾಗೇ ಇರುತ್ತದೆ. ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೊಂದು ಸುತ್ತು ನೀರು. ಹತ್ತಿರದಲ್ಲಿ ಹಳೇ ಪೈನ್ ಬೊಡ್ಡೆ ಇದ್ದರೆ ಅದರ ಬೇರನ್ನೂ ನೋಡಿ, ನೆಲದೊಳಗೇ ಕೊರೆದುಕೊಂಡು ಹೋಗಿ ಬೇರೆ ಕಡೆ ಹೊಗೆಯಾಡುವುದುಂಟು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಹೋಗಿ ಕೆದಕಿ.

ಬೆಂಕಿ ರೇಖೆ ದಾಟಿತು ಅನ್ನಿಸಿದ ಕೂಡಲೇ 911ಕ್ಕೆ ಫೋನ್ ಮಾಡಿ. ನಾವೇ ಆರಿಸೋಣ, ಆಮೇಲೆ ಫೋನ್ ಮಾಡೋಣ ಎಂದು ಕಾಯಬೇಡಿ. ಮೊದಲು ಫೋನ್, ಆಮೇಲೆ ಪೈಪು. ವಿಳಾಸ ಹೇಳುವಾಗ ಕಾಡಿನ ಬದಿಯಿಂದ ಗಾಡಿ ಬರಲು ದಾರಿ ಇದೆಯಾ ಎಂದೂ ಹೇಳಿ. ಮನೆಯಲ್ಲಿ ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ ಇದ್ದರೆ ಅವರನ್ನು ರಸ್ತೆಯ ಬದಿಗೆ ಕಳಿಸಿ, ಪಕ್ಕದ ಮನೆಯ ಬಾಗಿಲು ತಟ್ಟಿ. ಪರ್ಮಿಟ್ ಬೇಕಿಲ್ಲದ ಬೆಂಕಿಯಾದರೂ ಅದು ಪಕ್ಕದವರ ಬೇಲಿ ಸುಟ್ಟರೆ ಆ ನಷ್ಟಕ್ಕೆ ನೀವೇ ಹೊಣೆಯಾಗಬೇಕಾಗಬಹುದು. ನಿಮ್ಮ ಮನೆಯ ವಿಮೆಯಲ್ಲಿ ಇದಕ್ಕೆ ಏನು ಬರೆದಿದೆ ಎಂದು, ಕೊಂಬೆ ಒಟ್ಟುವ ಮೊದಲೇ ಏಜೆಂಟನ್ನು ಕೇಳಿಟ್ಟುಕೊಳ್ಳಿ.